ದೇಸಾಯಣಿಯ ಕೊನೆಯ ಫೋಟೊ

ಪ್ರೇಮಾಬಾಯಿಯ ದನಿ ಎಷ್ಟು ದೊಡ್ಡದೆಂದರೆ, ಪೈಠಣದ ಕೆಳಗೆ ಗೋದಾವರಿ ದಂಡೆಯ ವಸ್ತಿಯಲ್ಲಿ ನಿಂತು ಆಕೆ ಗಂಡನನ್ನು ಚಹಾಕ್ಕೆ ಕರೆದರೆ, ಅತ್ತ ಮನ್ಮಾಡದ ಜಂಕ್ಷನ್ನಿನಲ್ಲಿ ಗಾರ್ಡು ಹಸಿರು ಬಾವುಟ ಎತ್ತಿಬಿಡುತ್ತಾನೆ ಎಂದು ಜನ ಹೇಳುತ್ತಾರೆ. ಇದು ಶುದ್ಧ ಸುಳ್ಳು. ಗಾಳಿ ಆ ಕಡೆಗೆ ಬೀಸುತ್ತಿದ್ದರೆ ಮಾತ್ರ ಹಾಗಾಗುತ್ತದೆ.

ನಲವತ್ತೆರಡು ವರ್ಷದ ಹಿಂದೆ ಬೀದರ ಜಿಲ್ಲೆಯ ಭಾಲ್ಕಿ ಸೀಮೆಯಿಂದ ಸೊಸೆಯಾಗಿ ಬಂದಾಗ ಆಕೆಗೆ ಮರಾಠಿಯ ಒಂದೇ ಶಬ್ದ ಗೊತ್ತಿತ್ತು: ‘ನಾಹೀ’, ಅಂದರೆ ‘ಇಲ್ಲ’. ಆ ಒಂದು ಶಬ್ದದ ಬಲದ ಮೇಲೆ ಆರು ತಿಂಗಳು ಸಂಸಾರ ನಡೆಸಿದಳು. ಆ ಆರು ತಿಂಗಳಲ್ಲಿ ಯಾವ ವ್ಯಾಪಾರಿಗೂ ಆಕೆಗೆ ಮೋಸ ಮಾಡಲಾಗಲಿಲ್ಲ. ಉಳಿದ ಮರಾಠಿಯನ್ನು ಬೈಯುತ್ತ ಬೈಯುತ್ತ ಕಲಿತಳು. ಗಂಡ ಗುರುಲಿಂಗಪ್ಪ ಪೈಠಣದ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ತೂಗುತ್ತಿದ್ದ ಮೆತ್ತಗಿನ ಮನುಷ್ಯ. ದಿನವಿಡೀ ತಕ್ಕಡಿ ನೋಡಿ ನೋಡಿ ಆತನಿಗೆ ಯಾವ ವಾದದಲ್ಲಿಯೂ ಎರಡೂ ಕಡೆ ಸಮ ಎಂದೇ ಕಾಣುತ್ತಿತ್ತು. ಇಂಥವನ ಕೈಯಿಂದ ಮನೆ ಮೇಲೇಳುವುದಿಲ್ಲವೆಂದು ಕಂಡುಕೊಂಡ ಪ್ರೇಮಾಬಾಯಿ ಒಂದು ಎಮ್ಮೆ ಕಟ್ಟಿದಳು. ಒಂದು ನಾಲ್ಕಾಯಿತು. ಪೈಠಣದ ಬಸ್ ಸ್ಟ್ಯಾಂಡಿನ ಎದುರಿಗಿರುವ ಮೋಹನದಾಸನ ಶಾಕಾಹಾರಿ ಹೋಟೆಲಿಗೆ ಇಪ್ಪತ್ತು ವರ್ಷದಿಂದ ಆಕೆಯದೇ ಹಾಲು. ಮೋಹನದಾಸ ಕುಂದಾಪುರದ ಕಡೆಯವನು. ಅವನ ಕನ್ನಡವನ್ನು ಇವಳು ಹಾಡು ಎನ್ನುತ್ತಾಳೆ, ಇವಳ ಕನ್ನಡವನ್ನು ಅವನು ಜಗಳ ಎನ್ನುತ್ತಾನೆ. ಇಬ್ಬರ ಮಾತೂ ಪೂರ್ತಿ ಸುಳ್ಳಲ್ಲ.

ಆ ನಾಲ್ಕರಲ್ಲಿ ಹಿರಿಯಳು ದೇಸಾಯಣಿ. ವಾಡೆಯ ಯಜಮಾನತಿಯ ಹಾಗೆ ಕತ್ತೆತ್ತಿ ನಡೆಯುತ್ತಿದ್ದುದರಿಂದ ಆ ಹೆಸರು. ಹಾಲು ಹೇಗಿತ್ತೆಂದರೆ, ಮೋಹನದಾಸನ ಚಹಾದಲ್ಲಿ ಚಮಚ ನೆಟ್ಟರೆ ಅದು ಯಾರ ಸಹಾಯವೂ ಇಲ್ಲದೆ ನಿಂತಿರುತ್ತಿತ್ತು. ಒಂದೇ ಒಂದು ದುರ್ಗುಣ. ಬಾಯಿ. ಮೂತಿಯ ಮುಂದೆ ಬಂದದ್ದನ್ನು ದೇಸಾಯಣಿ ಬಿಟ್ಟದ್ದೆಂಬುದಿಲ್ಲ. ಗುರುಲಿಂಗಪ್ಪನ ಎಡಗಾಲಿನ ಮೂರು ಚಪ್ಪಲಿ ತಿಂದಿದ್ದಳು. ಬಲಗಾಲಿನವು ಮೂರೂ ಇವತ್ತಿಗೂ ಅಟ್ಟದ ಮೇಲಿವೆ. ಚುನಾವಣೆಯಲ್ಲಿ ಎಲ್ಲ ಪಕ್ಷದ ಪೋಸ್ಟರುಗಳನ್ನು ಭೇದವಿಲ್ಲದೆ ತಿಂದು, ತಾಲೂಕಿನಲ್ಲಿ ನಿಷ್ಪಕ್ಷಪಾತಿ ಒಬ್ಬಳೇ ಎಂದು ಹೆಸರು ಪಡೆದಿದ್ದಳು. ಕೊರಳಿಗೆ ಹಾಕಿದ ಹೂವಿನ ಹಾರವಂತೂ ಹತ್ತು ಎಣಿಸುವುದರೊಳಗೆ ದಾರಸಮೇತ ಒಳಗೆ ಹೋಗುತ್ತಿತ್ತು. ಹದಿನಾಲ್ಕು ದಸರೆಗಳಲ್ಲಿ ಒಂದು ಸಲವೂ ಆಕೆ ಹಾರ ಹಾಕಿಕೊಂಡು ನಿಂತದ್ದನ್ನು ಕಂಡವರಿಲ್ಲ.

ಹೀಗಿರುವಾಗ ನವರಾತ್ರಿಯಲ್ಲಿ ಆ ಮಳೆ ಬಂತು. ಮೇಲೆ ಜಾಯಕವಾಡಿ ಆಣೆಕಟ್ಟಿನ ಬಾಗಿಲುಗಳನ್ನು ತೆರೆದರು. ಬೆಳಗಿನಿಂದ ಜೀಪಿನಲ್ಲಿ ಧ್ವನಿವರ್ಧಕದ ಭೋಂಗಾ ಹಚ್ಚಿ ಕೂಗಿದರು. ಮಧ್ಯಾಹ್ನಕ್ಕೆ ಗೋದಾವರಿ ಕರೆಯದೆ ಬಂದ ಬೀಗಿತಿಯ ಹಾಗೆ ಅಡುಗೆಮನೆಗೇ ಬಂದಳು. ಪ್ರೇಮಾಬಾಯಿ ಮೊದಲು ಎಮ್ಮೆಗಳ ಹಗ್ಗ ಕೊಯ್ದಳು, ಆಮೇಲೆ ಗಂಡನನ್ನು ಎಬ್ಬಿಸಿದಳು. ದೇಸಾಯಣಿ ಮುಂದೆ, ಉಳಿದ ಮೂರು ಹಿಂದೆ, ಕೊಂಬಷ್ಟೇ ಕಾಣುವ ನೀರಿನಲ್ಲಿ ಅರ್ಧ ಮೈಲು ಈಜಿ ಶಾಲೆಯ ದಿಬ್ಬ ಹತ್ತಿದವು. ಎಳೆಯ ಮೂರೂ ಮೈ ಕೊಡವಿ ಮೇಯಲು ಹೋದವು. ದೇಸಾಯಣಿ ನಿಂತಳು, ನೀರಿನ ಕಡೆಗೊಮ್ಮೆ ನೋಡಿದಳು, ಕೂತಳು. ಮೂಗಿನಿಂದ ನೊರೆ ಬಂತು. ಎರಡನೆಯ ದಿನ ನಡುಹಗಲಿನಲ್ಲಿ, ಮಳೆ ನಿಂತು ಬಿಸಿಲು ಬಿದ್ದ ಹೊತ್ತಿಗೆ, ಪ್ರೇಮಾಬಾಯಿಯ ತೊಡೆಯ ಮೇಲೆ ಮೂತಿ ಇಟ್ಟು ಪ್ರಾಣ ಬಿಟ್ಟಳು. ಆಗಲೂ ಸೆರಗಿನ ತುದಿ ಬಾಯೊಳಗೇ ಇತ್ತು.

ಪ್ರೇಮಾಬಾಯಿ ಅಳಲಿಲ್ಲ. ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತು, “ಜೇಸೀಬಿಯವಂಗ ಕರೀರಿ. ಕುಣಿ ತೋಡಸ್ರಿ,” ಎಂದಳು.

ಎಲ್ಲರಂತೆ ದನವನ್ನು ಕಾಲು ಹಿಡಿದು ಎಳೆದು ಕುಣಿಗೆ ನೂಕುವುದೆಂದು ಗುರುಲಿಂಗಪ್ಪ ಹಗ್ಗ ತಂದ.

“ಹಗ್ಗ ಯಾಕ? ನಮ್ಮ ಮನ್ಯಾಗ ಯಾರಿಗೂ ಮಲಗ್ಸಿ ಕಳ್ಸಿಲ್ಲ. ನಿಮ್ಮಪ್ಪಗ ಕುಂದರ್ಸಿ ಕಳಸೀವಿ, ನಿಮ್ಮವ್ವಗ ಕುಂದರ್ಸಿ ಕಳಸೀವಿ. ಇಕೀಗಿ ಬ್ಯಾರೆ ಏನು?”

“ಅದು ಎಮ್ಮಿ ಅದಲಾ ಪ್ರೇಮಾ.”

“ಸಣ್ಣಕ ಮಾತಾಡ್ರಿ. ಹದಿನಾಕ ವರ್ಷ ಅಕೀಗಿ ಈ ಮಾತು ಯಾರೂ ಹೇಳಿಲ್ಲ.”

ಭಾಲ್ಕಿ ಕಡೆಯ ಲಿಂಗವಂತರಲ್ಲಿ ಹೋದವರನ್ನು ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವಿನಿಂದ ಸಿಂಗರಿಸಿ, ಸುತ್ತ ಮನೆಯವರೆಲ್ಲ ಕೂತು ಒಂದು ಫೋಟೊ ತೆಗೆಸಿಕೊಂಡ ಮೇಲೆಯೇ ಮಣ್ಣಿಗೆ ಕೊಡುವುದು. ಆ ದಿನ ಅದೇ ನಡೆಯಿತು. ಎರಡೂ ಪಕ್ಕಕ್ಕೆ ಹಿಂಡಿಯ ಚೀಲ ಒತ್ತಿ, ಗದ್ದದ ಕೆಳಗೆ ಶಾಲೆಯ ಮಣೆ ಕೊಟ್ಟು, ದೇಸಾಯಣಿಯನ್ನು ನೆಟ್ಟಗೆ ಕೂರಿಸಿದರು. ಹಣೆಗೆ ಮೂರು ಬೆರಳಿನ ವಿಭೂತಿ. ಸುದ್ದಿ ಕೇಳಿ ಮೋಹನದಾಸ ಕೆಸರಿನಲ್ಲಿ ಸ್ಕೂಟರ್ ನೂಕಿಕೊಂಡು ಬಂದ. ಹೋಟೆಲಿನ ದಸರಾ ಪೂಜೆಗೆಂದು ತರಿಸಿದ್ದ ಮಾರುದ್ದದ ಚೆಂಡುಹೂವಿನ ಹಾರ ತಂದು ಕೊರಳಿಗೆ ಹಾಕಿದ. ಬಾಳೆಲೆಯಲ್ಲಿ ಆರು ಇಡ್ಲಿಯನ್ನೂ ತಂದಿದ್ದ. ದಿನಾ ಉಳಿದ ಇಡ್ಲಿ ಆಕೆಯ ಪಾಲಿನವೇ.

“ಇವತ್ತಿಂದು ಉಳಿದದ್ದಲ್ಲ ಪ್ರೇಮಕ್ಕ, ಬಿಸಿಯೇ ಉಂಟು,” ಎಂದು ಎಲೆಯನ್ನು ಮೂತಿಯ ಮುಂದಿಟ್ಟು ಅವನು ಆ ಕಡೆ ತಿರುಗಿ ನಿಂತ.

ಸೊಸೆ ಭಾಗ್ಯಶ್ರೀ ಮೊಬೈಲ್ ಹಿಡಿದಳು. ಆಕೆ ಸಂಭಾಜಿನಗರದಲ್ಲಿ ಹುಟ್ಟಿ ಬೆಳೆದವಳು. ಅತ್ತೆಯ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಮದುವೆ, ಮುಂಜಿಗಳ ಫೋಟೊ ತೆಗೆದ ರೂಢಿಯಿಂದ, “ಬಾಬಾ, ಜರಾ ಹಸಾ ನಾ,” ಅಂದುಬಿಟ್ಟಳು. ಸೊಸೆ ನಗು ಎಂದರೆ ನಗಬೇಕು, ಹಾಗಾಗಿ ಗುರುಲಿಂಗಪ್ಪ ಉಳಿದ ಹಲ್ಲುಗಳನ್ನೆಲ್ಲ ತೋರಿಸಿದ. ಫೋಟೊದ ಮೂಲೆಯಲ್ಲಿ ತಾರೀಖು, ಊರಿನ ಗುರುತು ಎಲ್ಲ ತಾನಾಗಿಯೇ ಬಿತ್ತು. ದೇಸಾಯಣಿಯ ಕಿವಿಯ ಹಳದಿ ಬಿಲ್ಲೆ, ಅದರ ಹನ್ನೆರಡು ಅಂಕೆಗಳೊಂದಿಗೆ ಸ್ಪಷ್ಟವಾಗಿ ಬಿತ್ತು. ಆಮೇಲೆ ಉಪ್ಪು, ಬಿಲ್ವಪತ್ರೆ, ಮಣ್ಣು. ಬಿಸಿಲು ಇಳಿಯುವ ಮೊದಲೇ ಎಲ್ಲ ಮುಗಿಯಿತು.

ಸರಕಾರ ಬಂದದ್ದು ಒಂಬತ್ತನೆಯ ದಿನ.

ಊರಿನ ಲೆಕ್ಕ ನೋಡುವ ತಲಾಠಿಯ ಹೆಸರು ಅಪೇಕ್ಷಾ. ನಾಶಿಕದ ಹುಡುಗಿ, ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಒಂಬತ್ತು ದಿನದಿಂದ ಇಪ್ಪತ್ತೆರಡು ಹಳ್ಳಿಯ ಕೆಸರು ತುಳಿದು, ಆಕೆಯ ಸಲವಾರಿನ ಬಣ್ಣ ಯಾವುದೆಂದು ಆಕೆಗೇ ಮರೆತಿತ್ತು. ಜೊತೆಗೆ ಪಶು ದವಾಖಾನೆಯ ಸಹಾಯಕ ಮಹಿಬೂಬ, ಕಲಬುರಗಿ ಕಡೆಯವನು. ದನದ ಡಾಕ್ಟರು ಬೇರೆ ಮಗ್ಗುಲಿನ ಹಳ್ಳಿಗಳಲ್ಲಿದ್ದರು. ನೆರೆಯಲ್ಲಿ ಸತ್ತ ಹಾಲಿನ ದನ ಒಂದಕ್ಕೆ ಸರಕಾರ ಮೂವತ್ತೇಳೂವರೆ ಸಾವಿರ ಕೊಡುತ್ತದೆ. ಅದಕ್ಕೆ ಪಂಚನಾಮೆ ಬೇಕು. ಈ ವಸ್ತಿಯ ಪಂಚನಾಮೆ ಅಂದು ಸಂಜೆ ಐದಕ್ಕೆ ಮುಗಿಯಬೇಕು. ಮಾರನೆಯ ಬೆಳಿಗ್ಗೆ ಯಾದಿ ತಹಸೀಲಿಗೆ ಹೋಗುತ್ತದೆ, ಹೋದ ಮೇಲೆ ಹೊಸ ಹೆಸರಿಲ್ಲ.

ಪ್ರೇಮಾಬಾಯಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಎಮ್ಮೆ ತನ್ನದು, ನೆರೆ ಎಲ್ಲರೂ ನೋಡಿದ್ದು, ಸರಕಾರ ಕೊಡುತ್ತೇನೆ ಎಂದದ್ದು. ಈ ಹಣಕ್ಕೆ ತನ್ನದಿಷ್ಟು ಸೇರಿಸಿ ಮತ್ತೊಂದು ಎಮ್ಮೆ ತರಬೇಕು, ಇಲ್ಲದಿದ್ದರೆ ಮೋಹನದಾಸನ ಹೋಟೆಲಿಗೆ ಪಾಕೀಟಿನ ಹಾಲು ಹೊಕ್ಕುಬಿಡುತ್ತದೆ. ಹೊಕ್ಕ ಪಾಕೀಟು ಹೊರಗೆ ಬರುವುದಿಲ್ಲ. ಆಕೆ ಚಾಪೆ ಹಾಸಿ, ಚಹಾ ಕೊಟ್ಟು, ಸೊಸೆಯಿಂದ ಫೋಟೊ ತೋರಿಸಿದಳು.

ಅಪೇಕ್ಷಾ ನೋಡಿದಳು. ಮತ್ತೆ ನೋಡಿದಳು.

“ಆಜೀ, ಇದು ದಸರೆಯ ಫೋಟೊ. ಸತ್ತ ಎಮ್ಮೆಯದು ತೋರಿಸಿ.”

“ಇದೇ ಸತ್ತ ಎಮ್ಮಿ,” ಎಂದಳು ಪ್ರೇಮಾಬಾಯಿ. ಆಕೆಯ ಮರಾಠಿ ಎಂದರೆ ಭಾಲ್ಕಿಯ ಕನ್ನಡಕ್ಕೇ ಒಂಬತ್ತು ಗಜದ ಸೀರೆ ಉಡಿಸಿದಂತೆ.

“ನೆಟ್ಟಗೆ ಕೂತಿದೆ. ಕಣ್ಣು ಬಿಟ್ಟಿದೆ. ಹಾರ ಹಾಕಿದೆ. ಮುಂದೆ ಫರಾಳದ ತಿಂಡಿ ಇದೆ. ಪಕ್ಕದಲ್ಲಿ ಬಾಬಾ ನಗುತ್ತಿದ್ದಾರೆ!”

ಎಲ್ಲರೂ ಗುರುಲಿಂಗಪ್ಪನ ಕಡೆ ನೋಡಿದರು. ಅವನು ಎಲ್ಲಿ ನೋಡಬೇಕೋ ತಿಳಿಯದೆ ಮತ್ತೆ ಅದೇ ನಗೆ ನಕ್ಕ.

“ಹಲ್ಲು ಒಳಗ ಇಟಗೋರಿ,” ಎಂದಳು ಪ್ರೇಮಾಬಾಯಿ. “ನಮ್ಮಲ್ಲಿ ಹಿಂಗೇ ಮೇಡಮ್. ಹೋದವರಿಗಿ ಹಿಂಗೇ ಕುಂದರಸ್ತೀವಿ.”

“ಆಜೀ, ನೀವು ಸುಳ್ಳು ಹೇಳುತ್ತೀರಿ ಎನ್ನುತ್ತಿಲ್ಲ. ಮೊನ್ನೆ ಒಂದು ಹಳ್ಳಿಯಲ್ಲಿ ಒಂದೇ ಎತ್ತು ಮೂರು ಮನೆಯಲ್ಲಿ ಸತ್ತಿತ್ತು. ನಾಲ್ಕನೆಯ ಮನೆಯಲ್ಲಿ ನಾನು ಹೋದಾಗ ಎದ್ದು ನಿಂತು ಬಾಲ ಬೀಸಿತು. ಈ ಫೋಟೊ ಹಚ್ಚಿದರೆ ಮೇಲಿನ ಸಾಹೇಬರು ನನ್ನನ್ನೇ ಕೇಳುತ್ತಾರೆ, ‘ಅಪೇಕ್ಷಾ, ಎಮ್ಮೆಗೆ ಶುಭಾಶಯ ಹೇಳಿ ಬಂದೆಯೇನು?’ ಎಂದು.” ಆಕೆ ಗಡಿಯಾರ ನೋಡಿಕೊಂಡಳು. ನಾಲ್ಕಕ್ಕೆ ಹತ್ತು ನಿಮಿಷ. “ಒಂದೇ ದಾರಿ. ಜೇಸೀಬಿ ರಸ್ತೆಯ ಮೇಲೇ ಇದೆ. ಎರಡು ಅಡಿ ತೆಗೆಯಲಿ. ಒಂದು ಕೊಂಬು ಕಂಡರೆ ಸಾಕು, ಬರೆದುಬಿಡುತ್ತೇನೆ.”

ಗುರುಲಿಂಗಪ್ಪನ ತಕ್ಕಡಿ ತೂಗಾಡಿತು. “ಒಂದೇ ಕೊಂಬು ಅಂತಾರ. ಬಲಗಡಿಂದು ಮ್ಯಾಲೇ ಅದಾ, ಭಾಳ ಆಳ ಏನಿಲ್ಲ…”

“ನಿಮ್ಮಪ್ಪಗ ಮಣ್ಣು ಕೊಟ್ಟ ಒಂಬತ್ತನೇ ದಿನ ಒಬ್ಬ ಸಾಹೇಬ ಬಂದು, ಮೂಗು ಅಷ್ಟೇ ತೋರಸ್ರಿ ಅಂದಿದ್ರ ತೋರಸ್ತಿದ್ರೇನು?”

ಗುರುಲಿಂಗಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ಅವನ ಅಪ್ಪನ ಮೂಗು ಸಣ್ಣದೇನೂ ಆಗಿರಲಿಲ್ಲ, ಆದರೂ ಮಾತಿನ ತೂಕ ಅವನಿಗೆ ತಿಳಿಯಿತು.

“ಮೇಡಮ್,” ಎಂದಳು ಪ್ರೇಮಾಬಾಯಿ, ಅಪೇಕ್ಷಾಳ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು. “ಸಮಾಧಿ ತೆಗ್ಯಲ್ಲ. ಪಂಚನಾಮೆ ಬಿಡಲ್ಲ. ಎರಡೂ ನಂದೇ. ನೀವು ಚಾ ಕುಡೀರಿ, ನಾ ಹ್ಯಾಂಗ ಅಂಬೂದು ಹುಡಕ್ತೀನಿ.”

ಹುಡುಕುತ್ತೇನೆ ಎಂದವಳು ಹೊರಗೆಲ್ಲೂ ಹೋಗಲಿಲ್ಲ. ಸೊಸೆಯ ಕೈಯಿಂದ ಮೊಬೈಲ್ ಇಸಿದುಕೊಂಡು ಫೋಟೊ ನೋಡುತ್ತ ಕೂತಳು. ಎಮ್ಮೆ ಕೊಳ್ಳುವಾಗ ಹೇಗೆ ನೋಡುತ್ತಾಳೋ ಹಾಗೆ: ಮೊದಲು ಕೊಂಬು, ಆಮೇಲೆ ಕಣ್ಣು, ಆಮೇಲೆ ಬಾಯಿ. ಬಾಯಿಗೆ ಬಂದಾಗ ಆಕೆಯ ಬೆರಳು ನಿಂತಿತು.

“ಭಾಗ್ಯಾ, ಇಲ್ಲಿ ದೊಡ್ಡದು ಮಾಡು.”

ಭಾಗ್ಯಶ್ರೀ ಎರಡು ಬೆರಳಿನಿಂದ ಹಿಗ್ಗಿಸಿದಳು. ದೇಸಾಯಣಿಯ ಮೂತಿ ಮೊಬೈಲಿನ ತುಂಬ ಬಂತು. ಮೂತಿಗೆ ತಾಗಿಕೊಂಡೇ ಮೋಹನದಾಸನ ಹಾರ, ಒಂದು ಎಸಳೂ ಉದುರದೆ. ಅದರ ಕೆಳಗೆ ಆರು ಇಡ್ಲಿ, ಆರೂ ದುಂಡಗೆ. ಬದಿಯಲ್ಲಿ ಗುರುಲಿಂಗಪ್ಪನ ಟೊಪ್ಪಿಗೆ. ಬಾಗಿ ಕೂತಾಗ ಬಿದ್ದಿದ್ದು ಎಲೆಯ ಅಂಚಿನಲ್ಲೇ ಇತ್ತು, ಇಡಿಯಾಗಿ.

ಪ್ರೇಮಾಬಾಯಿ ತಲೆ ಎತ್ತಿದಳು. ಆ ಮುಖ ನೋಡಿದ ಗುರುಲಿಂಗಪ್ಪನಿಗೆ ಜೀವ ಬಂತು. ನಲವತ್ತೆರಡು ವರ್ಷದಲ್ಲಿ ಆ ಮುಖ ಸೋತದ್ದನ್ನು ಅವನು ಕಂಡಿರಲಿಲ್ಲ.

“ಮಹಿಬೂಬಣ್ಣಾ, ಇಲ್ಲಿ ಬಾ. ಈಕೀಗಿ ನೀ ಬಲ್ಲಿ.”

ಮಹಿಬೂಬ ಅಲ್ಲಿಯವರೆಗೆ ಬೇವಿನ ಮರದ ಹಿಂದೆ ನಿಂತು ಔಷಧದ ಪೆಟ್ಟಿಗೆಯನ್ನು ನಾಲ್ಕನೆಯ ಸಲ ಜೋಡಿಸುತ್ತಿದ್ದ. “ನಾ ಎಲ್ಲಿ ಬಲ್ಲೆ ಅವ್ವಾ, ಊರಾಗ ಎಮ್ಮಿ ನೂರು ಇರ್ತಾವ…”

“ಬಾ ಅಂದೆ. ನಾಚಬ್ಯಾಡ. ಹೋದ ವರ್ಷ ಕಾಲುಬಾಯಿ ಜಡ್ಡಿನ ಸೂಜಿ ಹಾಕ್ಲಾಕ ಬಂದಿದ್ದಿ. ನಿನ್ನ ಯಾದಿ ಏನಾಯ್ತು?”

ಮಹಿಬೂಬ ಕೆಸರು ನೋಡಿದ.

“ಮೇಡಮ್ ಮುಂದ ಹೇಳು.”

“…ತಿಂದಳು.”

“ಯಾರು?”

“ಇಕೀನೇ. ದೇಸಾಯಣಿ.” ಒಮ್ಮೆ ಕಟ್ಟೆ ಒಡೆದ ಮೇಲೆ ಅವನಿಗೆ ತಡೆಯಲಾಗಲಿಲ್ಲ. “ನಲವತ್ತೆರಡು ಮನಿ ಯಾದಿ ಮೇಡಮ್! ಎರಡು ದಿನ ಬಿಸಿಲಾಗ ತಿರುಗಿ ಬರದಿದ್ದೆ. ಬಗಲಾಗ ಹಿಡದು ಸೂಜಿ ತುಂಬ್ಲತ್ತಿದ್ದೆ. ಸರಕಾರಿ ಕಾಗದ ಭಾಳ ಗಟ್ಟಿ ಅಂತಾರ, ಹಪ್ಪಳದಂಗ ತಿಂದಳು. ತಿಂದು ನನ್ನ ಪೆನ್ನಿನ ಕಡಿ ನೋಡಿದಳು.”

ಅಪೇಕ್ಷಾಳಿಗೆ ಇನ್ನೂ ತಿಳಿಯಲಿಲ್ಲ. “ಆಮೇಲೆ?”

“ಆಮ್ಯಾಲ ಏನಿಲ್ಲ ಮೇಡಮ್,” ಎಂದಳು ಪ್ರೇಮಾಬಾಯಿ, ಫೋಟೊವನ್ನು ಆಕೆಯ ಮೂಗಿನ ಮುಂದೆ ಹಿಡಿದು. “ಹಾರ ನೋಡ್ರಿ. ಇಡ್ಲಿ ನೋಡ್ರಿ. ನಮ್ಮವರ ಟೊಪ್ಪಗಿ ನೋಡ್ರಿ. ಇಕಿ ಜೀವಂತ ಇದ್ದಿದ್ರ ಈ ಫೋಟೊದಾಗ ಇವು ಇರ್ತಿದ್ದವೇನು? ನಮ್ಮವರೇ ಅರ್ಧ ಇರ್ತಿದ್ದರು.”

ಪಂಚನಾಮೆ ನೋಡಲು ಬೇವಿನ ಕೆಳಗೆ ನೆರೆದಿದ್ದ ವಸ್ತಿಯವರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ಒಬ್ಬಳ ಪೈಠಣಿ ಸೀರೆಯ ಅಂಚು ಹೋಗಿತ್ತು, ನೇಯ್ದ ನವಿಲುಗಳೊಂದಿಗೆ. ಒಬ್ಬನ ಅರ್ಧ ಛತ್ರಿ ಹೋಗಿತ್ತು. ಹಾಲು ಒಯ್ಯಲು ಬಂದಿದ್ದ ಮೋಹನದಾಸ ಕೈ ಎತ್ತಿ, “ನನ್ನ ಹೋಟೆಲಿನ ಬೋರ್ಡು ಮಾರಾಯ್ರೆ, ‘ಶುದ್ಧ ಶಾಕಾಹಾರಿ’ ಎಂಬುದರಲ್ಲಿ ‘ಶುದ್ಧ’ ತಿಂದು ಹೋಗಿತ್ತು. ಒಂದು ವಾರ ಗಿರಾಕಿ ಕಮ್ಮಿ!” ಎಂದ.

ಅಪೇಕ್ಷಾಳ ತುಟಿ ಅಲುಗಿತು, ಆದರೆ ಪೆನ್ನು ಅಲುಗಲಿಲ್ಲ. “ನಾನು ನಂಬುತ್ತೇನೆ ಆಜೀ. ಆದರೆ ನಾನು ನಂಬಿದೆ ಎಂದು ಬರೆಯುವ ಕಾಲಮ್ಮು ಇದರಲ್ಲಿಲ್ಲ. ಊರವರು ಊರವರ ಪರವಾಗಿ ಹೇಳಿದರೆ ಸಾಹೇಬರು ಒಪ್ಪುವುದಿಲ್ಲ. ಕಾಗದ ಬೇಕು.”

ನಾಲ್ಕೂವರೆಯಾಗಿತ್ತು. ಜೇಸೀಬಿಯವನು ಸುಮ್ಮನೆ ಇರಲಾರದೆ ಯಂತ್ರ ಚಾಲೂ ಮಾಡಿದ. ಆ ಸದ್ದಿಗೆ ಪ್ರೇಮಾಬಾಯಿ ತಿರುಗಿ, “ಬಂದ್ ಕರ!” ಎಂದಳು. ಯಂತ್ರ ನಿಂತಿತು. ಹೊಳೆಯ ಆಚೆ ದಂಡೆಯಲ್ಲಿ ಉಳುತ್ತಿದ್ದ ಎರಡು ಟ್ರಾಕ್ಟರುಗಳೂ ನಿಂತವು.

ಆ ನಿಶ್ಶಬ್ದದಲ್ಲಿ ಮಹಿಬೂಬ ಕೆಮ್ಮಿದ.

“ಕಾಗದ ಅದಾ,” ಎಂದ ಮೆಲ್ಲಗೆ.

“ಯಾವುದು?”

“ಯಾದಿ ಹ್ಯಾಂಗ ಹೋಯ್ತು ಹೇಳು ಅಂತ ಆಫೀಸದಾಗ ನನಗ ಖುಲಾಸೆ ಕೇಳಿದ್ರು. ಬರಕೊಟ್ಟೆ. ಸಾಹೇಬ್ರು ಸಿಕ್ಕಾ ಹೊಡದು ಫಾಯಿಲಿಗಿ ಹಾಕ್ಯಾರ. ಫೋಟೊ ನನ್ನ ಮೊಬೈಲನಾಗ ಇಟ್ಟೀನಿ. ಸರಕಾರಿ ನೌಕರಿ, ಮೇಡಮ್. ಮಾನ ಹೋದದ್ದಕ್ಕೂ ಒಂದು ಝೆರಾಕ್ಸ್ ಇರಬೇಕು.”

ಅವನು ಹುಡುಕಿ ತೆಗೆದ. ಅಪೇಕ್ಷಾ ಗಟ್ಟಿಯಾಗಿ ಓದಿದಳು. ಬಿಲ್ಲೆ ಸಂಖ್ಯೆ ಇಂಥದ್ದರ, ಪ್ರೇಮಾಬಾಯಿ ಇವರ ಮಾಲಕತ್ವದ ಎಮ್ಮೆಯು ಸದರಿ ಯಾದಿಯನ್ನು ಭಕ್ಷಿಸಿರುತ್ತದೆ; ಮೂತಿಯ ಮುಂದೆ ಬಂದ ಯಾವ ವಸ್ತುವನ್ನೂ ಸದರಿ ಎಮ್ಮೆಯು ಬಿಡುವುದಿಲ್ಲವೆಂದು ಗ್ರಾಮಸ್ಥರಿಂದ ತಿಳಿದುಬಂದಿರುತ್ತದೆ; ಆದ್ದರಿಂದ ಕಸೂರು ನನ್ನದಲ್ಲ. ಕೆಳಗೆ ಗುಂಡಗಿನ ನೀಲಿ ಸಿಕ್ಕಾ.

ಆಕೆ ಖುಲಾಸೆಯ ಹನ್ನೆರಡು ಅಂಕೆಗಳನ್ನು ಫೋಟೊದ ಕಿವಿಯ ಹನ್ನೆರಡು ಅಂಕೆಗಳೊಡನೆ ಒಂದೊಂದಾಗಿ ಬೆರಳಿಟ್ಟು ತಾಳೆ ನೋಡಿದಳು. ಹನ್ನೆರಡನೆಯದಕ್ಕೆ ಬರುವಾಗ ವಸ್ತಿಯ ಕಾಗೆಗಳೂ ಉಸಿರು ಹಿಡಿದಿದ್ದವು. ಕೂಡಿತು.

ಆಗ ಅಪೇಕ್ಷಾ ನಕ್ಕಳು. ಒಂಬತ್ತು ದಿನದ ಕೆಸರು ಕೊಚ್ಚಿಹೋಗುವ ಹಾಗೆ, ಪ್ಯಾಡಿನ ಮೇಲೆ ಹಣೆ ಇಟ್ಟು ನಕ್ಕಳು. ಗುರುಲಿಂಗಪ್ಪನೂ ನಕ್ಕ, ಈ ಸಲ ಯಾರೂ ತಡೆಯಲಿಲ್ಲ. ಕಣ್ಣೊರೆಸಿಕೊಂಡು ಆಕೆ ಷರಾದ ಜಾಗದಲ್ಲಿ ಬರೆದಳು: ಕಾರ್ಯಾಲಯದ ದಾಖಲೆಯ ಪ್ರಕಾರ ಸದರಿ ಎಮ್ಮೆಯು ಮುಂದಿಟ್ಟ ವಸ್ತುವನ್ನು ತಿನ್ನದೆ ಬಿಡುವುದಿಲ್ಲ, ಜೋಡಿಸಿದ ಫೋಟೊದಲ್ಲಿ ಹಾರ, ಇಡ್ಲಿ ನಗ ಆರು, ಟೊಪ್ಪಿಗೆ ನಗ ಒಂದು ಬಾಯಿಯ ಹತ್ತಿರ ಇದ್ದೂ ಅಖಂಡವಾಗಿವೆ, ಆದ್ದರಿಂದ ಫೋಟೊ ತೆಗೆದ ವೇಳೆಗೆ ಎಮ್ಮೆಯು ಮೃತವಾಗಿತ್ತೆಂದು ಪಂಚರ ಅಭಿಪ್ರಾಯ.

ಪಂಚರು ಐವರು ಸಹಿ ಮಾಡಿದರು. ಮೋಹನದಾಸ ಕನ್ನಡದಲ್ಲಿ ಮಾಡಿದ. ಐದಕ್ಕೆ ಮೂರು ನಿಮಿಷವಿತ್ತು.

ಹೋಗುವಾಗ ಅಪೇಕ್ಷಾ ದಿಬ್ಬದ ಸಮಾಧಿಯ ಹತ್ತಿರ ಚಪ್ಪಲಿ ಬಿಟ್ಟು ನಿಂತಳು. ಪ್ರೇಮಾಬಾಯಿ ಗಂಭೀರವಾಗಿ, “ಚಪ್ಪಲಿ ದೂರ ಬಿಡವ್ವಾ ಮೇಡಮ್. ಮಣ್ಣಾಗ ಇದ್ದರೂ ಅಕೀದು ಭರೋಸಾ ಇಲ್ಲ,” ಎಂದಳು. ಹಾಗೆಂದು ತಿರುಗಿದವಳು ಸೆರಗಿನ ತುದಿಯನ್ನು, ಹಲ್ಲಿನ ಗುರುತು ಇನ್ನೂ ಇದ್ದ ತುದಿಯನ್ನು, ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ನಿಂತಿದ್ದಳು.

ಹಣ ದೀಪಾವಳಿ ಕಳೆದ ಮೇಲೆ ಬಂತು. ಉಳಿದದ್ದನ್ನು ಪ್ರೇಮಾಬಾಯಿ ತನ್ನ ಡಬ್ಬಿಯಿಂದ ತೆಗೆದು, ಗಂಡನನ್ನೂ ಮೋಹನದಾಸನನ್ನೂ ಕರೆದುಕೊಂಡು ಮನ್ಮಾಡದ ಕಡೆಯ ದನದ ಸಂತೆಗೆ ಹೋದಳು. ಅಲ್ಲಿ ಎಲ್ಲರೂ ಎಮ್ಮೆಯ ಹಲ್ಲು ನೋಡುತ್ತಾರೆ, ಕೆಚ್ಚಲು ಹಿಚುಕಿ ನೋಡುತ್ತಾರೆ. ಪ್ರೇಮಾಬಾಯಿ ಅವನ್ನೂ ನೋಡಿದಳು. ನೋಡಿಯಾದ ಮೇಲೆ ಕೈಚೀಲದಿಂದ ಒಂದು ಚೆಂಡುಹೂವಿನ ಹಾರ ತೆಗೆದು ಎಮ್ಮೆಯ ಮೂತಿಯ ಮುಂದೆ ಹಿಡಿದಳು.

ಮೊದಲನೆಯದು ಮೂಸಿತು. ಎರಡನೆಯದು ಮುಖ ತಿರುಗಿಸಿತು. ಹೀಗೆ ಹನ್ನೊಂದು ಎಮ್ಮೆ ದಾಟಿದವು. ಮಾಲಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಜ್ಜಿ ಎಮ್ಮೆಗಳಿಗೆ ಸ್ವಯಂವರ ಏರ್ಪಡಿಸಿದ್ದಾಳೆಂದು ಸಂತೆಯಲ್ಲಿ ಸುದ್ದಿ ಹಬ್ಬಿ ಜಿಲೇಬಿ ಅಂಗಡಿಗಳು ಖಾಲಿಯಾದವು. ಹನ್ನೆರಡನೆಯದು ಎಳೆಯ ಕಪ್ಪು ಎಮ್ಮೆ. ಹಾರ ಕಂಡದ್ದೇ ತಡ, ಕತ್ತು ಚಾಚಿ ಹೂವು, ದಾರ, ಕೊನೆಯ ಜರಿಯ ಗೊಂಡೆ ಎಲ್ಲವನ್ನೂ ಒಳಗೆ ಎಳೆದುಕೊಂಡಿತು. ಎಳೆದುಕೊಂಡು ಮೋಹನದಾಸನ ಅಂಗಿಯ ಜೇಬಿನ ಕಡೆ ನೋಡಿತು.

ಮಾಲಕ ಹಣೆ ಚಚ್ಚಿಕೊಂಡ. “ಸ್ವಲ್ಪ ಬಾಯಿಚಪಲ ಇದೆ ಆಜೀ. ಸುಳ್ಳು ಹೇಳುವುದಿಲ್ಲ. ಬೇಕಾದರೆ ಎರಡು ಸಾವಿರ ಕಡಿಮೆ ಮಾಡುತ್ತೇನೆ.”

“ಐದು ಕಮ್ಮಿ ಮಾಡು,” ಎಂದಳು ಪ್ರೇಮಾಬಾಯಿ, ಕಟ್ಟುನಿಟ್ಟಾದ ಮುಖದಲ್ಲಿ. “ಇಂಥ ಬಾಯಿಗಿ ಯಾರು ತಗೋತಾರ?”

ಹಗ್ಗ ಕೈಗೆ ಬಂದ ಮೇಲೆ ಆಕೆ ಗಂಡನ ಕಡೆ ತಿರುಗಿದಳು. ಗುರುಲಿಂಗಪ್ಪ ಆಗಲೇ ಎರಡೂ ಚಪ್ಪಲಿ ಬಿಚ್ಚಿ ಬಗಲಿನಲ್ಲಿ ಹಿಡಿದುಕೊಂಡಿದ್ದ.